ಜೀವಕೋಶಗಳ ಬಂಧ ಮತ್ತು ಬಂಧಭಂಗ: ಮಸಾತೋಷಿ ತಾಕೇಯಿಚಿ ಅವರ ಸಂಶೋಧನೆಯ ಒಂದು ಅಧ್ಯಯನ

ಪೀಠಿಕೆ

ಮಾನವದೇಹವು ಲಕ್ಷಾಂತರ ಕೋಟಿ ಜೀವಕೋಶಗಳ ಸಮುದಾಯವೆಂಬುದು ಪ್ರೌಢಶಾಲೆಯ ವಿದ್ಯಾರ್ಥಿಗೂ ತಿಳಿದ ಸಂಗತಿ. ಜೀವಕೋಶದ ಚಿತ್ರವನ್ನು ಬರೆದು, ಅದರ ಪೊರೆ, ಕೋಶರಸ, ಕೋಶಕೇಂದ್ರಗಳನ್ನು ಗುರುತಿಸುವುದು ನಮ್ಮ ಜೀವಶಾಸ್ತ್ರ ಪಾಠದ ಮೊದಲ ಅಭ್ಯಾಸ. ಆದರೆ ಆ ಪಾಠವು ಸಾಮಾನ್ಯವಾಗಿ ಕೇಳದೆ ಬಿಡುವ ಪ್ರಶ್ನೆಯೊಂದುಂಟು. ಇಷ್ಟು ಅಗಣಿತವಾದ ಕೋಶಗಳು ಒಂದನ್ನೊಂದು ಹಿಡಿದುಕೊಂಡಿರುವುದು ಹೇಗೆ? ಇಟ್ಟಿಗೆಗಳನ್ನು ರಾಶಿ ಹಾಕಿದ ಮಾತ್ರಕ್ಕೆ ಗೋಡೆಯಾಗುವುದಿಲ್ಲ. ನಡುವೆ ಗಾರೆ ಬೇಕು. ನೂಲನ್ನು ಗುಡ್ಡೆ ಹಾಕಿದರೆ ಬಟ್ಟೆಯಾಗುವುದಿಲ್ಲ. ಹಾಸು ಹೊಕ್ಕುಗಳ ಕ್ರಮ ಬೇಕು. ಹಾಗಾದರೆ ದೇಹವೆಂಬ ಈ ಕಟ್ಟಡದ ಗಾರೆ ಯಾವುದು? ಚರ್ಮದ ಕೋಶವು ಚರ್ಮದ ಕೋಶವನ್ನೇ, ನರದ ಕೋಶವು ನರದ ಕೋಶವನ್ನೇ ಅರಸಿ ಹಿಡಿಯುವಂತೆ ಮಾಡುವ ಕ್ರಮ ಯಾವುದು?

ಈ ಪ್ರಶ್ನೆಯು ಕೇವಲ ಕುತೂಹಲದ್ದಲ್ಲ. ಕ್ಯಾನ್ಸರ್ ರೋಗದಿಂದಾಗುವ ಮರಣಗಳಲ್ಲಿ ಬಹುಪಾಲು, ಮೊದಲು ಹುಟ್ಟಿದ ಗಡ್ಡೆಯಿಂದಲ್ಲ, ಅದರಿಂದ ಬೇರ್ಪಟ್ಟ ಕೋಶಗಳು ಶ್ವಾಸಕೋಶ, ಯಕೃತ್ತು, ಮೂಳೆ, ಮಿದುಳುಗಳಲ್ಲಿ ನೆಲೆಸಿ ಬೆಳೆಯುವುದರಿಂದ ಸಂಭವಿಸುತ್ತವೆ. ಕೋಶವು ತನ್ನ ನೆರೆಯ ಕೋಶದ ಹಿಡಿತವನ್ನು ಬಿಡಿಸಿಕೊಳ್ಳದೆ ಹೀಗೆ ವಲಸೆ ಹೋಗುವುದು ಕಷ್ಟ. ಆದ್ದರಿಂದ ಕೋಶಗಳು ಕೂಡಿರುವ ಬಗೆಯನ್ನು ಅರಿಯುವುದೆಂದರೆ ಅವು ಅಗಲುವ ಬಗೆಯನ್ನು ಅರಿಯಲು ಮೊದಲು ಮಾಡಿದಂತೆ.

ಈ ಕ್ಷೇತ್ರದಲ್ಲಿ ದುಡಿದವರು ಹಲವರು. ಅವರಲ್ಲಿ ಜಪಾನಿನ ವಿಜ್ಞಾನಿ ಮಸಾತೋಷಿ ತಾಕೇಯಿಚಿ ಅವರ ಹೆಸರು ಅಗ್ರಪಂಕ್ತಿಯದು. ಅವರ ಸಂಶೋಧನೆಯ ಹಿನ್ನೆಲೆ, ವಿಧಾನ ಮತ್ತು ಪರಿಣಾಮಗಳನ್ನು ವಿಜ್ಞಾನದ ಅಧ್ಯಾಪಕರಿಗೂ ಸಾಮಾನ್ಯ ವಾಚಕರಿಗೂ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

1. ಪ್ರಶ್ನೆಯ ಪೂರ್ವೇತಿಹಾಸ

1907ರಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಚ್. ವಿ. ವಿಲ್ಸನ್ ಎಂಬವರು ಸರಳವಾದರೂ ಬೆರಗುಗೊಳಿಸುವ ಪ್ರಯೋಗವೊಂದನ್ನು ಪ್ರಕಟಿಸಿದರು. ಸಮುದ್ರದಲ್ಲಿ ವಾಸಿಸುವ ಸ್ಪಂಜು ಪ್ರಾಣಿಯನ್ನು ತುಂಡರಿಸಿ, ಸೂಕ್ಷ್ಮವಾದ ರಂಧ್ರಗಳುಳ್ಳ ಬಟ್ಟೆಯ ಮೂಲಕ ಹಿಂಡಿದರು. ಪ್ರಾಣಿಯು ಬಿಡಿ ಬಿಡಿ ಕೋಶಗಳಾಗಿ ನೀರಿನಲ್ಲಿ ಚದುರಿತು. ಆದರೆ ಕಾಲಕ್ರಮದಲ್ಲಿ ಆ ಕೋಶಗಳು ತೆವಳಿ ಒಂದನ್ನೊಂದು ಸೇರಿ, ಮುದ್ದೆಗಳಾಗಿ, ಮತ್ತೆ ಸ್ಪಂಜಿನ ರೂಪವನ್ನೇ ತಾಳಿದವು. ಕೂಡಿಕೊಳ್ಳುವ ಶಕ್ತಿಯು ಕೋಶಗಳಲ್ಲಿಯೇ ಅಂತರ್ಗತವಾಗಿದೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿರಲಿಲ್ಲ.

1955ರಲ್ಲಿ ಟೌನ್ಸ್ ಮತ್ತು ಹೋಲ್ಟ್‌ಫ್ರೇಟರ್ ಎಂಬ ಇಬ್ಬರು ವಿಜ್ಞಾನಿಗಳು ಉಭಯಚರ ಪ್ರಾಣಿಗಳ ಭ್ರೂಣಗಳ ಮೇಲೆ ಇಂತಹದೇ ಅಧ್ಯಯನವನ್ನು ನಡೆಸಿದರು. ಮುಂದೆ ಚರ್ಮವಾಗಬೇಕಾದ ಕೋಶಗಳನ್ನೂ, ನರಮಂಡಲವಾಗಬೇಕಾದ ಕೋಶಗಳನ್ನೂ ಬಿಡಿಸಿ ಬೆರೆಸಿದಾಗ, ಅವು ಮೊದಲು ಒಟ್ಟಾಗಿ ಮುದ್ದೆಯಾದರೂ ಅನಂತರ ತಮ್ಮ ತಮ್ಮ ಬಗೆಯವನ್ನು ಕೂಡಿಕೊಂಡು ವಿಂಗಡವಾದವು. ಚರ್ಮದ ಕೋಶಗಳು ಹೊರಕ್ಕೆ, ನರದ ಕೋಶಗಳು ಒಳಕ್ಕೆ ಸೇರಿದವು. ಅಂದರೆ ಕೋಶಗಳು ಅಂಟುವುದಷ್ಟೇ ಅಲ್ಲ, ತಮ್ಮವರನ್ನು ಗುರುತು ಹಿಡಿದು ಅಂಟುತ್ತವೆಂಬುದು ಖಚಿತವಾಯಿತು.

ಇದರ ನಡುವೆ, 1944ರಲ್ಲಿ, ಡೇಲ್ ರೆಕ್ಸ್ ಕೋಮನ್ ಎಂಬ ಅಮೆರಿಕದ ರೋಗಶಾಸ್ತ್ರಜ್ಞರು ಅತಿ ಸೂಕ್ಷ್ಮವಾದ ಸೂಜಿಗಳನ್ನು ಕೋಶಗಳಿಗೆ ಚುಚ್ಚಿ ಎಳೆದು, ಜೋಡಿ ಕೋಶಗಳನ್ನು ಬೇರ್ಪಡಿಸಲು ಬೇಕಾಗುವ ಬಲವನ್ನು ಅಳೆದರು. ಕ್ಯಾನ್ಸರ್ ಕೋಶಗಳು ಆರೋಗ್ಯವಂತ ಕೋಶಗಳಿಗಿಂತ ಬಹು ಸುಲಭವಾಗಿ ಬೇರ್ಪಟ್ಟವು. ಕ್ಯಾನ್ಸರಿನ ಹರಡುವಿಕೆಗೂ ಕೋಶಗಳ ಅಂಟಿಕೆಯ ಶೈಥಿಲ್ಯಕ್ಕೂ ಸಂಬಂಧವಿರಬೇಕೆಂದು ಅವರು ಊಹಿಸಿದರು. ಆದರೆ ಅಂಟಿಸುವ ವಸ್ತು ಯಾವುದೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಊಹೆಯು ಉತ್ತರವಾಗಲು ಇನ್ನೂ ನಾಲ್ಕು ದಶಕಗಳು ಕಳೆಯಬೇಕಾಯಿತು.

2. ತಾಕೇಯಿಚಿ ಅವರ ವಿದ್ಯಾಭ್ಯಾಸ ಮತ್ತು ಆರಂಭದ ಕಾರ್ಯ

ತಾಕೇಯಿಚಿ ಅವರು ಜನಿಸಿದುದು 1943ರಲ್ಲಿ, ಜಪಾನಿನ ನಗೋಯ ನಗರದಲ್ಲಿ. ನಗೋಯ ವಿಶ್ವವಿದ್ಯಾನಿಲಯದಲ್ಲಿ ಜೀವಶಾಸ್ತ್ರವನ್ನು ಅಭ್ಯಾಸಮಾಡಿ, ಮುಂದೆ ಕ್ಯೋಟೋ ವಿಶ್ವವಿದ್ಯಾನಿಲಯದಲ್ಲಿ ಭ್ರೂಣವಿಜ್ಞಾನಿ ಟೋಕಿಂದೋ ಒಕಾದ ಅವರ ಬಳಿ ಸಂಶೋಧನೆಯಲ್ಲಿ ತೊಡಗಿದರು. ಅವರ ಆಸಕ್ತಿಯು ಭ್ರೂಣದ ಬೆಳವಣಿಗೆಯಲ್ಲಿತ್ತು. ಕ್ಯಾನ್ಸರ್ ಅವರ ಗುರಿಯಾಗಿರಲಿಲ್ಲ. ಕೋಶಗಳು ಗಾಜಿನ ತಟ್ಟೆಯಂತಹ ನೆಲೆಗೆ ಅಂಟುವಲ್ಲಿ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂಗಳ ಪಾತ್ರವೇನೆಂಬುದು ಅವರ ಆರಂಭದ ಅಧ್ಯಯನಗಳಲ್ಲಿ ಒಂದು. ಲವಣಗಳ ಈ ಅಭ್ಯಾಸವು ಮುಂದೆ ಅನಿರೀಕ್ಷಿತವಾಗಿ ಫಲ ಕೊಟ್ಟಿತು.

ಕೋಶಗಳ ಅಂಟಿಕೆಯನ್ನು ಪರೀಕ್ಷಿಸಬೇಕಾದರೆ ಮೊದಲು ಅವುಗಳನ್ನು ಬಿಡಿಸಬೇಕು. ಇದಕ್ಕೆ ಪ್ರಯೋಗಶಾಲೆಗಳಲ್ಲಿ ಬಳಸುವುದು ಟ್ರಿಪ್ಸಿನ್ ಎಂಬ ಕಿಣ್ವವನ್ನು. ನಮ್ಮ ಮೇದೋಜೀರಕ ಗ್ರಂಥಿಯು ಆಹಾರದ ಪ್ರೋಟೀನನ್ನು ಕತ್ತರಿಸಲು ಸ್ರವಿಸುವ ಕಿಣ್ವವೇ ಇದು. ಕೋಶಗಳ ಹೊರಮೈಮೇಲಿನ ಪ್ರೋಟೀನುಗಳನ್ನು ಇದು ಕತ್ತರಿಸುವುದರಿಂದ ಕೋಶಗಳು ಬಿಡಿಯಾಗುತ್ತವೆ. ಹೀಗೆ ಬಿಡಿಸಿದ ಕೋಶಗಳನ್ನು ದ್ರಾವಣದಲ್ಲಿಟ್ಟು ಮೆಲ್ಲನೆ ತಿರುಗಿಸುತ್ತಿದ್ದರೆ ಅವು ಮತ್ತೆ ಒಟ್ಟುಗೂಡುತ್ತವೆಯೇ ಇಲ್ಲವೇ ಎಂಬುದನ್ನು ನೋಡಬಹುದು.

3. ಬಾಲ್ಟಿಮೋರಿನ ಒಗಟು

1974ರಲ್ಲಿ ತಾಕೇಯಿಚಿ ಅವರು ಅಮೆರಿಕದ ಬಾಲ್ಟಿಮೋರ್ ನಗರದಲ್ಲಿರುವ ಕಾರ್ನೆಗೀ ಸಂಸ್ಥೆಯ ಭ್ರೂಣವಿಜ್ಞಾನ ವಿಭಾಗಕ್ಕೆ ತೆರಳಿದರು. ಕ್ಯೋಟೋದಲ್ಲಿ ಕೈಗೂಡಿದ್ದ ಪ್ರಯೋಗವನ್ನೇ ಅಲ್ಲಿಯೂ ಮುಂದುವರಿಸಲು ತೊಡಗಿದರು. ಆದರೆ ಫಲ ಬೇರೆಯಾಯಿತು. ಕ್ಯೋಟೋದಲ್ಲಿ ಟ್ರಿಪ್ಸಿನ್ನಿನಿಂದ ಬಿಡಿಸಿದ ಕೋಶಗಳು ಬೇಗನೆ ಒಟ್ಟುಗೂಡುತ್ತಿದ್ದವು. ಬಾಲ್ಟಿಮೋರಿನಲ್ಲಿ ಬಿಡಿಸಿದ ಕೋಶಗಳು ಒಟ್ಟುಗೂಡಲಿಲ್ಲ.

ಇಂತಹ ಸಂದರ್ಭದಲ್ಲಿ ಪ್ರಯೋಗವು ಕೆಟ್ಟಿತೆಂದು ಬದಿಗಿಡುವವರು ಹಲವರು. ತಾಕೇಯಿಚಿ ಅವರಾದರೋ ಎರಡು ಪ್ರಯೋಗಶಾಲೆಗಳ ನಡುವಿನ ವ್ಯತ್ಯಾಸವನ್ನು ಒಂದೊಂದಾಗಿ ಹುಡುಕಿದರು. ಕೊನೆಗೆ ಕಾರಣವು ಟ್ರಿಪ್ಸಿನ್ ದ್ರಾವಣದ ಸೀಸೆಯಲ್ಲಿಯೇ ದೊರೆಯಿತು. ಬಾಲ್ಟಿಮೋರಿನ ದ್ರಾವಣದಲ್ಲಿ ರೂಢಿಯಂತೆ ಇಡಿಟಿಎ ಎಂಬ ರಾಸಾಯನಿಕವನ್ನು ಬೆರೆಸಿರುತ್ತಿದ್ದರು. ಕ್ಯೋಟೋದ ದ್ರಾವಣದಲ್ಲಿ ಅದು ಇರುತ್ತಿರಲಿಲ್ಲ. ಇಡಿಟಿಎ ವಸ್ತುವು ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದು ಕಟ್ಟಿಹಾಕುತ್ತದೆ.

ಇಲ್ಲಿಂದ ಹೊರಟ ತರ್ಕವು ಗಮನಾರ್ಹವಾಗಿದೆ. ಕ್ಯಾಲ್ಸಿಯಂ ಇರುವಾಗ ಟ್ರಿಪ್ಸಿನ್ನಿಗೆ ಒಳಪಟ್ಟ ಕೋಶಗಳು ತಮ್ಮ ಅಂಟುವ ಗುಣವನ್ನು ಉಳಿಸಿಕೊಳ್ಳುತ್ತವೆ. ಕ್ಯಾಲ್ಸಿಯಂ ಇಲ್ಲದಿರುವಾಗ ಅದೇ ಕಿಣ್ವಕ್ಕೆ ಒಳಪಟ್ಟರೆ ಆ ಗುಣವನ್ನು ಕಳೆದುಕೊಳ್ಳುತ್ತವೆ. ಅನಂತರ ಕ್ಯಾಲ್ಸಿಯಂ ಕೊಟ್ಟರೂ ಆ ಗುಣ ಕೂಡಲೇ ಮರಳುವುದಿಲ್ಲ. ಆದ್ದರಿಂದ ಕೋಶದ ಮೈಮೇಲೆ ಅಂಟಿಕೆಗೆ ಕಾರಣವಾದ ಪ್ರೋಟೀನೊಂದು ಇರಲೇಬೇಕು. ಕ್ಯಾಲ್ಸಿಯಂ ಆ ಪ್ರೋಟೀನಿಗೆ ಕವಚದಂತೆ ರಕ್ಷಣೆ ಕೊಡುತ್ತಿರಬೇಕು. ಕವಚ ಕಳಚಿದೊಡನೆ ಕಿಣ್ವವು ಅದನ್ನು ತುಂಡರಿಸುತ್ತಿರಬೇಕು. ಕ್ಯಾಲ್ಸಿಯಂನ ಅಗತ್ಯವಿಲ್ಲದ ಇನ್ನೊಂದು ಬಗೆಯ ಅಂಟಿಕೆಯೂ ಕೋಶಗಳಲ್ಲಿ ಉಂಟೆಂಬುದನ್ನು ಅವರು ಕಂಡುಕೊಂಡು, ಎರಡನ್ನೂ ಬೇರ್ಪಡಿಸಿ ತೋರಿಸಿದರು. ಈ ಸಂಶೋಧನೆಯು 1977ರಲ್ಲಿ ಪ್ರಕಟವಾಯಿತು.

4. ಕ್ಯಾಡ್‌ಹೆರಿನ್: ನಾಮಕರಣ ಮತ್ತು ನಿರೂಪಣೆ

ಇಂತಹ ಪ್ರೋಟೀನು ಇದೆಯೆಂದು ತರ್ಕಿಸುವುದು ಒಂದು. ಇದೇ ಆ ಪ್ರೋಟೀನೆಂದು ಬೆರಳಿಟ್ಟು ತೋರಿಸುವುದು ಇನ್ನೊಂದು. ಕ್ಯೋಟೋಗೆ ಮರಳಿದ ತಾಕೇಯಿಚಿ ಅವರೂ ಅವರ ಸಹೋದ್ಯೋಗಿಗಳೂ ಇದಕ್ಕಾಗಿ ಪ್ರತಿಕಾಯಗಳ ನೆರವು ಪಡೆದರು. ಯಾವ ಪ್ರತಿಕಾಯವನ್ನು ಸೇರಿಸಿದಾಗ ಕೋಶಗಳ ಹಿಡಿತ ಸಡಿಲವಾಗುವುದೋ, ಆ ಪ್ರತಿಕಾಯವು ಹೋಗಿ ಕೂಡುವ ಪ್ರೋಟೀನೇ ಅಂಟಿಕೆಯ ಪ್ರೋಟೀನು. ಈ ಮಾರ್ಗದಲ್ಲಿ ನಡೆದು ಅವರು ಇಲಿಯ ಕೋಶಗಳಲ್ಲಿ ಆ ಪ್ರೋಟೀನನ್ನು ಗುರುತಿಸಿದರು. 1984ರಲ್ಲಿ ಅದಕ್ಕೆ ಕ್ಯಾಡ್‌ಹೆರಿನ್ ಎಂಬ ಹೆಸರನ್ನಿಟ್ಟರು. ಕ್ಯಾಲ್ಸಿಯಂ ಎಂಬ ಪದದ ಮೊದಲ ಭಾಗವನ್ನೂ, ಅಂಟಿಕೆಯನ್ನು ಸೂಚಿಸುವ ಆಂಗ್ಲ ಪದದ ಭಾಗವನ್ನೂ ಜೋಡಿಸಿ ಮಾಡಿದ ಹೆಸರದು.

ಇದೇ ವಸ್ತುವಿನ ಬೆನ್ನು ಹತ್ತಿದವರು ಅವರೊಬ್ಬರೇ ಅಲ್ಲವೆಂಬುದನ್ನು ಇಲ್ಲಿ ಹೇಳುವುದು ನ್ಯಾಯ. ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾ ಜಾಕೋಬ್ ಅವರ ಪ್ರಯೋಗಶಾಲೆಯಲ್ಲಿದ್ದ ರಾಲ್ಫ್ ಕೆಮ್ಲರ್ ಮತ್ತು ಇತರರು ಇಲಿಯ ಎಳೆಯ ಭ್ರೂಣದ ಕೋಶಗಳು ಒತ್ತಾಗಿ ಕೂಡುವ ಹಂತವನ್ನು ಪ್ರತಿಕಾಯಗಳಿಂದ ತಡೆಯಬಹುದೆಂದು ಕಂಡುಕೊಂಡಿದ್ದರು. ಅಲ್ಲಿ ಗುರುತಿಸಿ ಯುವೊಮೊರುಲಿನ್ ಎಂದು ಕರೆದ ಪ್ರೋಟೀನೂ ತಾಕೇಯಿಚಿ ಅವರ ಪ್ರೋಟೀನೂ ಒಂದೇ ಎಂಬುದು ಮುಂದೆ ತಿಳಿಯಿತು. ಬೇರೆ ಬೇರೆ ದಾರಿಯಲ್ಲಿ ಹೊರಟವರು ಒಂದೇ ಬಾಗಿಲಿಗೆ ಬಂದು ಸೇರಿದರೆ, ಆ ಬಾಗಿಲು ನಿಜವಾದುದೆಂಬ ಭರವಸೆ ಹೆಚ್ಚುತ್ತದೆ.

ನಿರ್ಣಾಯಕವಾದ ಪ್ರಯೋಗವು 1987ರಲ್ಲಿ ಪ್ರಕಟವಾಯಿತು. ಕ್ಯಾಡ್‌ಹೆರಿನ್ನಿನ ವಂಶವಾಹಿಯ ಸಂಕೇತವನ್ನು ಬೇರ್ಪಡಿಸಿ, ಸ್ವಭಾವತಃ ಕ್ಯಾಡ್‌ಹೆರಿನ್ ಇಲ್ಲದೆ ಬಿಡಿ ಬಿಡಿಯಾಗಿ ಬೆಳೆಯುವ ಇಲಿಯ ಕೋಶಗಳೊಳಕ್ಕೆ ಅದನ್ನು ಸೇರಿಸಿದರು. ಒಂದನ್ನೊಂದು ಲೆಕ್ಕಿಸದೆ ಇದ್ದ ಆ ಕೋಶಗಳು ಕ್ಯಾಲ್ಸಿಯಂ ಇರುವಾಗ ಬಿಗಿಯಾಗಿ ಕೂಡಿಕೊಂಡವು. ಒಂದೇ ಒಂದು ಪ್ರೋಟೀನನ್ನು ಕೊಟ್ಟ ಮಾತ್ರಕ್ಕೆ ಕೋಶಗಳಿಗೆ ಕೂಡಿಬಾಳುವ ಗುಣ ಬಂದಿತು. ಕಾರಣ ಮತ್ತು ಕಾರ್ಯಗಳ ಸಂಬಂಧವನ್ನು ಇದಕ್ಕಿಂತ ನೇರವಾಗಿ ಸಾಧಿಸುವುದು ಕಷ್ಟ.

5. ತಮ್ಮವರನ್ನು ಅರಿಯುವ ಬಗೆ

ಕ್ಯಾಡ್‌ಹೆರಿನ್ ಒಂದಲ್ಲ, ಒಂದು ಕುಟುಂಬವೆಂಬುದು ಬೇಗನೆ ಸ್ಪಷ್ಟವಾಯಿತು. ಅಂಗಗಳ ಹೊರಮೈಯನ್ನೂ ಒಳಮೈಯನ್ನೂ ಹೊದಿಸುವ ಹೊದಿಕೆ ಅಂಗಾಂಶದ ಕೋಶಗಳಲ್ಲಿರುವುದು ಇ-ಕ್ಯಾಡ್‌ಹೆರಿನ್. ನರಮಂಡಲದ ಕೋಶಗಳಲ್ಲಿ ಪ್ರಧಾನವಾಗಿರುವುದು ಎನ್-ಕ್ಯಾಡ್‌ಹೆರಿನ್. ಮಾಸುಚೀಲದಲ್ಲಿ ಮೊದಲು ಕಂಡದ್ದು ಪಿ-ಕ್ಯಾಡ್‌ಹೆರಿನ್. ಅನಂತರದ ವರ್ಷಗಳಲ್ಲಿ ಈ ಕುಟುಂಬವು ವಿಸ್ತಾರವಾಗಿ ಬೆಳೆದು, ಇಂದು ಇದರಲ್ಲಿ ನೂರಕ್ಕೂ ಹೆಚ್ಚು ಸದಸ್ಯರನ್ನು ಎಣಿಸುತ್ತಾರೆ.

1988ರಲ್ಲಿ ತಾಕೇಯಿಚಿ ಅವರ ಪ್ರಯೋಗಶಾಲೆಯಿಂದ ಹೊರಬಂದ ಪ್ರಯೋಗವೊಂದು ಹೋಲ್ಟ್‌ಫ್ರೇಟರ್ ಅವರ ಹಳೆಯ ಒಗಟಿಗೆ ಉತ್ತರವನ್ನು ಒದಗಿಸಿತು. ಒಂದೇ ಬಗೆಯ ಕೋಶಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಇ-ಕ್ಯಾಡ್‌ಹೆರಿನ್ನನ್ನೂ ಇನ್ನೊಂದಕ್ಕೆ ಪಿ-ಕ್ಯಾಡ್‌ಹೆರಿನ್ನನ್ನೂ ಕೊಟ್ಟು ಬೆರೆಸಿದಾಗ, ಅವು ತಮ್ಮ ತಮ್ಮ ಕ್ಯಾಡ್‌ಹೆರಿನ್ನಿಗೆ ಅನುಗುಣವಾಗಿ ವಿಂಗಡವಾದವು. ಕೋಶಗಳು ಮೂಲತಃ ಒಂದೇ. ಬೇರೆಯಾದುದು ಹಿಡಿಯುವ ಕೈ ಮಾತ್ರ.

ಭ್ರೂಣದಲ್ಲಿ ಇದೇ ತತ್ತ್ವವು ಕೆಲಸ ಮಾಡುತ್ತದೆ. ಬೆನ್ನಿನ ಮೇಲಿನ ಹಾಳೆಯಂತಹ ಪದರವು ಮಡಿಚಿಕೊಂಡು ನರನಾಳವಾಗಿ ಒಳಗೆ ಇಳಿಯುವಾಗ, ಅದರ ಕೋಶಗಳು ಇ-ಕ್ಯಾಡ್‌ಹೆರಿನ್ನನ್ನು ತೊರೆದು ಎನ್-ಕ್ಯಾಡ್‌ಹೆರಿನ್ನನ್ನು ತಳೆಯುತ್ತವೆ. ಹೊರಗುಳಿದು ಚರ್ಮವಾಗುವ ಕೋಶಗಳು ಹಳೆಯದನ್ನೇ ಉಳಿಸಿಕೊಳ್ಳುತ್ತವೆ. ಹೀಗೆ ಹಿಡಿತ ಬದಲಾಗುವುದು ಎರಡು ಪದರಗಳು ಅಗಲುವುದಕ್ಕೆ ನೆರವಾಗುತ್ತದೆ.

ಈ ಪ್ರೋಟೀನಿನ ರಚನೆಯೂ ಅದರ ಕಾರ್ಯಕ್ಕೆ ತಕ್ಕಂತೆಯೇ ಇದೆ. ಕೋಶದ ಹೊರಗೆ ಚಾಚಿಕೊಂಡಿರುವ ಭಾಗವು ಐದು ಗೆಣ್ಣುಗಳ ಕಬ್ಬಿನ ಜಲ್ಲೆಯಂತಿದೆ. ಗೆಣ್ಣುಗಳ ಸಂಧಿಯಲ್ಲಿ ಕ್ಯಾಲ್ಸಿಯಂ ಅಯಾನುಗಳು ಕುಳಿತು ಅದನ್ನು ಸೆಟೆದು ನಿಲ್ಲಿಸುತ್ತವೆ. ಕ್ಯಾಲ್ಸಿಯಂ ಇಲ್ಲವಾದರೆ ಜಲ್ಲೆಯು ಬಾಗಿ ಕಿಣ್ವದ ಬಾಯಿಗೆ ಸಿಕ್ಕುತ್ತದೆ. ತುದಿಯ ಗೆಣ್ಣು ಎದುರು ಕೋಶದ ಅಂತಹದೇ ತುದಿಯೊಡನೆ ಹೆಣೆದುಕೊಳ್ಳುತ್ತದೆ. ಕೋಶದೊಳಗಿನ ಬಾಲವು ಕೆಟೆನಿನ್ ಎಂಬ ಪ್ರೋಟೀನುಗಳ ಮೂಲಕ ಕೋಶದ ಒಳಚೌಕಟ್ಟಾದ ಆಕ್ಟಿನ್ ಎಳೆಗಳಿಗೆ ಬಿಗಿಯಲ್ಪಟ್ಟಿದೆ. ಕೆಟೆನಿನ್ನುಗಳನ್ನು ಗುರುತಿಸಿ 1989ರಲ್ಲಿ ಹೆಸರಿಟ್ಟವರು ಕೆಮ್ಲರ್ ಮತ್ತು ಅವರ ಸಂಗಡಿಗರು. ಹಗ್ಗವನ್ನು ಹೊರಗೆ ಎಷ್ಟು ಬಲವಾಗಿ ಹಿಡಿದರೂ ಒಳಗೆ ಗೂಟವಿಲ್ಲದಿದ್ದರೆ ಅದು ಕಿತ್ತು ಬರುವಂತೆ, ಕೆಟೆನಿನ್ ಇಲ್ಲದ ಕ್ಯಾಡ್‌ಹೆರಿನ್ ಇದ್ದೂ ಇಲ್ಲದಂತೆಯೇ.

6. ಕ್ಯಾನ್ಸರ್ ರೋಗದೊಡನೆ ಸಂಬಂಧ

ಈ ತಿಳಿವಳಿಕೆಯು ಕ್ಯಾನ್ಸರ್ ಅಧ್ಯಯನಕ್ಕೆ ಹರಿದು ಬಂದುದು ಸಹಜವೇ ಆಗಿತ್ತು. ಮಾನವನ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಹೊದಿಕೆ ಅಂಗಾಂಶದಲ್ಲಿ ಹುಟ್ಟುತ್ತವೆ. ಆ ಅಂಗಾಂಶದ ಗಾರೆಯೇ ಇ-ಕ್ಯಾಡ್‌ಹೆರಿನ್. 1991ರಲ್ಲಿ ಜರ್ಮನಿ ಮತ್ತು ಬೆಲ್ಜಿಯಂ ದೇಶಗಳ ಸಂಶೋಧಕರು ಬೇರೆ ಬೇರೆಯಾಗಿ ಇದನ್ನು ಪರೀಕ್ಷಿಸಿದರು. ಸುತ್ತಲಿನ ಅಂಗಾಂಶಕ್ಕೆ ನುಗ್ಗುವ ಸ್ವಭಾವದ ಕ್ಯಾನ್ಸರ್ ಕೋಶಗಳಲ್ಲಿ ಇ-ಕ್ಯಾಡ್‌ಹೆರಿನ್ ಕ್ಷೀಣಿಸಿರುವುದನ್ನೂ, ಅದನ್ನು ಮರಳಿ ಕೊಟ್ಟಾಗ ನುಗ್ಗುವ ಸ್ವಭಾವ ತಗ್ಗುವುದನ್ನೂ ಕಂಡರು. ಕೋಮನ್ ಅವರು ಸೂಜಿಯಿಂದ ಅಳೆದಿದ್ದ ಶೈಥಿಲ್ಯಕ್ಕೆ ಅಣುವಿನ ಮಟ್ಟದ ಕಾರಣವೊಂದು ಸಿಕ್ಕಂತಾಯಿತು.

ಕ್ಯಾಡ್‌ಹೆರಿನ್ ವ್ಯವಸ್ಥೆಯು ಕೆಡುವ ದಾರಿಗಳು ಹಲವು. ಅವುಗಳನ್ನು ಹೀಗೆ ವಿಂಗಡಿಸಬಹುದು:

(ಅ) ವಂಶವಾಹಿಯಲ್ಲಿಯೇ ದೋಷವುಂಟಾಗುವುದು. ಜಠರದ ಕ್ಯಾನ್ಸರುಗಳಲ್ಲಿ ಚದುರಿ ಹರಡುವ ಬಗೆಯದರಲ್ಲಿಯೂ, ಸ್ತನದ ಕ್ಯಾನ್ಸರುಗಳಲ್ಲಿ ಲೋಬ್ಯುಲರ್ ಎಂಬ ಬಗೆಯದರಲ್ಲಿಯೂ ಇಂತಹ ದೋಷಗಳು 1994 ಮತ್ತು 1995ರಲ್ಲಿ ಪತ್ತೆಯಾದವು. ಈ ಎರಡನೆಯ ಬಗೆಯಲ್ಲಿ ಕೋಶಗಳು ಗುಂಪುಗೂಡದೆ ಸಾಲಿರುವೆಗಳಂತೆ ಒಂದರ ಹಿಂದೊಂದು ಸಾಗಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಾಣಬಹುದು. ಹಿಡಿಯುವ ಕೈಯಿಲ್ಲದ ಕೋಶಗಳ ನಡೆ ಅದು.

(ಆ) ವಂಶವಾಹಿಯು ಸರಿಯಾಗಿದ್ದರೂ ಅದಕ್ಕೆ ಬೀಗ ಬೀಳುವುದು. ಅದರ ಆರಂಭದ ಭಾಗದಲ್ಲಿ ಕೆಲವು ರಾಸಾಯನಿಕ ಗುರುತುಗಳು ಸೇರಿಕೊಂಡರೆ ಕೋಶವು ಅದನ್ನು ಓದಲಾರದು. ಸ್ನೇಯ್ಲ್ ಎಂಬ ನಿಯಂತ್ರಕ ಪ್ರೋಟೀನು ಬಂದು ಅದನ್ನು ಮುಚ್ಚುವುದೂ ಉಂಟು. ಇದನ್ನು 2000ದಲ್ಲಿ ಸ್ಪೇನ್ ದೇಶದ ಎರಡು ಸಂಶೋಧನ ತಂಡಗಳು ತೋರಿಸಿಕೊಟ್ಟವು.

(ಇ) ಕ್ಯಾಡ್‌ಹೆರಿನ್ ಇದ್ದರೂ ಒಳಗಿನ ಗೂಟ ಕಳಚುವುದು. ಶ್ವಾಸಕೋಶದ ಕ್ಯಾನ್ಸರಿನ ಒಂದು ಬಗೆಯ ಕೋಶಗಳಲ್ಲಿ ಇ-ಕ್ಯಾಡ್‌ಹೆರಿನ್ ಯಥೇಷ್ಟವಾಗಿದ್ದರೂ ಆಲ್ಫಾ ಕೆಟೆನಿನ್ ಇಲ್ಲದ ಕಾರಣ ಅವು ಬಿಡಿಯಾಗಿಯೇ ಇರುತ್ತವೆಂಬುದನ್ನು 1992ರಲ್ಲಿ ಜಪಾನಿನ ಸಂಶೋಧಕರು ತಿಳಿಸಿದರು. ಕೆಟೆನಿನ್ ಒದಗಿಸಿದಾಗ ಅವು ಮತ್ತೆ ಕೂಡಿಕೊಂಡವು.

ಇಲ್ಲಿ ಇನ್ನೊಂದು ಸಂಗತಿಯನ್ನು ಸೇರಿಸಬೇಕು. ಕ್ಯಾಡ್‌ಹೆರಿನ್ನಿಗೆ ಅಂಟಿಕೊಂಡಿರುವ ಬೀಟಾ ಕೆಟೆನಿನ್ ಎಂಬ ಪ್ರೋಟೀನಿಗೆ ಎರಡನೆಯ ಉದ್ಯೋಗವೂ ಉಂಟು. ಅದು ಕೋಶಕೇಂದ್ರವನ್ನು ಹೊಕ್ಕು ಕೋಶವಿಭಜನೆಗೆ ಪ್ರೇರಣೆ ಕೊಡಬಲ್ಲದು. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಅದನ್ನು ಹತೋಟಿಯಲ್ಲಿಡುವ ವ್ಯವಸ್ಥೆ ಕೆಟ್ಟು ಅದು ಮಿತಿಮೀರಿ ಸಂಗ್ರಹವಾಗುತ್ತದೆ. ಕೂಡಿರುವ ಕಾರ್ಯವೂ ಬೆಳೆಯುವ ಕಾರ್ಯವೂ ಒಂದೇ ವಸ್ತುವಿನಲ್ಲಿ ಸಂಧಿಸಿರುವುದು ಈ ಶಾಸ್ತ್ರದ ಕುತೂಹಲಕರವಾದ ಅಧ್ಯಾಯಗಳಲ್ಲೊಂದು.

7. ಒಂದು ಕುಟುಂಬದ ಕಥೆ

ಪ್ರಯೋಗಶಾಲೆಯ ತಿಳಿವು ಮನುಷ್ಯರ ಬಾಳನ್ನು ಹೇಗೆ ಮುಟ್ಟಬಲ್ಲದೆಂಬುದಕ್ಕೆ ನ್ಯೂಜಿಲೆಂಡಿನ ನಿದರ್ಶನವೊಂದು ಸಾಕು. ಆ ದೇಶದ ಮೂಲನಿವಾಸಿಗಳಾದ ಮಾವೊರಿ ಜನರ ದೊಡ್ಡ ಕುಟುಂಬವೊಂದರಲ್ಲಿ ತಲೆಮಾರುಗಳಿಂದಲೂ ಜಠರದ ಕ್ಯಾನ್ಸರ್ ಕಾಣಿಸಿಕೊಳ್ಳುತ್ತಿತ್ತು. ಸಾಮಾನ್ಯವಾಗಿ ವೃದ್ಧಾಪ್ಯದಲ್ಲಿ ಬರುವ ಈ ರೋಗವು ಅಲ್ಲಿ ಎಳೆಯ ವಯಸ್ಸಿನವರನ್ನೂ ಬಲಿ ತೆಗೆದುಕೊಳ್ಳುತ್ತಿತ್ತು. ಕಾರಣವನ್ನು ತಿಳಿಯಬೇಕೆಂಬ ನಿಶ್ಚಯವು ಕುಟುಂಬದವರಿಂದಲೇ ಮೂಡಿತು. ಅವರು ಒಟಾಗೋ ವಿಶ್ವವಿದ್ಯಾನಿಲಯದ ಪ್ಯಾರಿ ಗಿಲ್ಫರ್ಡ್ ಎಂಬ ವಿಜ್ಞಾನಿಯ ತಂಡದೊಡನೆ ಕೈಜೋಡಿಸಿ, ತಮ್ಮ ವಂಶಾವಳಿಯನ್ನೂ ರಕ್ತದ ಮಾದರಿಗಳನ್ನೂ ಒದಗಿಸಿದರು.

1998ರಲ್ಲಿ ಉತ್ತರ ಪ್ರಕಟವಾಯಿತು. ದೋಷವು ಇ-ಕ್ಯಾಡ್‌ಹೆರಿನ್ನಿನ ವಂಶವಾಹಿಯಲ್ಲಿತ್ತು. ತಾಯಿ ಅಥವಾ ತಂದೆಯಿಂದ ದೋಷಯುಕ್ತವಾದ ಒಂದು ಪ್ರತಿ ಬಂದಿದ್ದವರಲ್ಲಿ, ಬದುಕಿನ ಯಾವುದಾದರೊಂದು ಘಟ್ಟದಲ್ಲಿ ಜಠರದ ಕೋಶವೊಂದರಲ್ಲಿ ಉಳಿದ ಒಳ್ಳೆಯ ಪ್ರತಿಯೂ ನಿಷ್ಕ್ರಿಯವಾದರೆ ರೋಗಕ್ಕೆ ಬೀಜ ಬಿದ್ದಂತೆ.

ಈ ಬಗೆಯ ಕ್ಯಾನ್ಸರಿನ ಕ್ರೌರ್ಯವೆಂದರೆ ಅದು ಗಡ್ಡೆಯಾಗಿ ಕಾಣಿಸಿಕೊಳ್ಳುವುದಿಲ್ಲ. ಹಿಡಿತವಿಲ್ಲದ ಕೋಶಗಳು ಜಠರದ ಭಿತ್ತಿಯೊಳಗೆ ಮರಳಿನಂತೆ ಚದುರಿ ಹರಡುವುದರಿಂದ, ನಳಿಕೆಯಿಳಿಸಿ ನೋಡಿದರೂ ಕಣ್ಣಿಗೆ ಬೀಳದೆ ಹೋಗಬಹುದು. ಆದುದರಿಂದ ರಕ್ತಪರೀಕ್ಷೆಯಲ್ಲಿ ದೋಷ ಕಂಡವರು ಕಠಿಣವಾದ ಆಯ್ಕೆಯನ್ನು ಎದುರಿಸಬೇಕಾಯಿತು: ರೋಗ ಕಾಣಿಸುವ ಮೊದಲೇ ಇಡೀ ಜಠರವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸುವುದು, ಇಲ್ಲವೇ ಕಾಲಕಾಲಕ್ಕೆ ಪರೀಕ್ಷಿಸಿಕೊಳ್ಳುತ್ತ ಕಾಯುವುದು. ಜಠರವಿಲ್ಲದೆಯೂ ಬದುಕಬಹುದು. ಆದರೆ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ತೆಗೆದುಕೊಳ್ಳಬೇಕು. ಬಿ-12 ಜೀವಸತ್ವವನ್ನು ಜೀವನಪರ್ಯಂತ ಹೊರಗಿನಿಂದ ಪಡೆಯಬೇಕು. ಆರೋಗ್ಯವಾಗಿಯೇ ಇರುವಾಗ ಇಂತಹ ನಿರ್ಧಾರ ಮಾಡುವುದು ಸುಲಭವಲ್ಲ. ಆದರೂ ಅದನ್ನು ಆರಿಸಿಕೊಂಡವರು ಹಲವರು. ತೆಗೆದ ಜಠರಗಳನ್ನು ಪರೀಕ್ಷಿಸಿದಾಗ ಬಹುತೇಕ ಎಲ್ಲದರಲ್ಲಿಯೂ ಕಣ್ಣಿಗೆ ಕಾಣದ ಕ್ಯಾನ್ಸರಿನ ಮೊಳಕೆಗಳು ದೊರೆತವು. ಇತ್ತ ಪರೀಕ್ಷೆಯಲ್ಲಿ ದೋಷವಿಲ್ಲವೆಂದು ತಿಳಿದವರು ಮನೆತನದ ಭಯದಿಂದ ಬಿಡುಗಡೆ ಹೊಂದಿದರು. ಇದೂ ಕಡಿಮೆ ಲಾಭವಲ್ಲ.

ಇಂತಹ ಕುಟುಂಬಗಳು ಬೇರೆ ದೇಶಗಳಲ್ಲಿಯೂ ಇವೆಯೆಂದು ಅನಂತರ ತಿಳಿದುಬಂದಿದೆ. ದೋಷವುಳ್ಳ ಸ್ತ್ರೀಯರಿಗೆ ಲೋಬ್ಯುಲರ್ ಸ್ತನಕ್ಯಾನ್ಸರಿನ ಅಪಾಯವೂ ಹೆಚ್ಚು. ಮೊದಲಿನ ಅಂದಾಜುಗಳು ಜಠರದ ಕ್ಯಾನ್ಸರಿನ ಅಪಾಯವನ್ನು ಬಹಳ ಮೇಲಿಟ್ಟಿದ್ದವು. ಹೆಚ್ಚು ಕುಟುಂಬಗಳನ್ನು ಪರಿಶೀಲಿಸಿದ ಈಚಿನ ಅಧ್ಯಯನಗಳು ಅದನ್ನು ತಗ್ಗಿಸಿವೆ. ಆದ್ದರಿಂದ ಯಾರಿಗೆ ಶಸ್ತ್ರಚಿಕಿತ್ಸೆ, ಯಾರಿಗೆ ಕಾಯುವಿಕೆ ಎಂಬುದನ್ನು ಪ್ರತಿಯೊಬ್ಬರಲ್ಲಿಯೂ ಪ್ರತ್ಯೇಕವಾಗಿ ವಿವೇಚಿಸಬೇಕಾಗಿದೆ.

8. ಸಿದ್ಧಾಂತದ ಮಿತಿ

ಒಂದು ಸಿದ್ಧಾಂತವು ಎಷ್ಟೇ ಸುಂದರವಾಗಿದ್ದರೂ ಅದರ ಎಲ್ಲೆಯನ್ನು ಗುರುತಿಸುವುದು ವಿಜ್ಞಾನದ ಧರ್ಮ. ಇ-ಕ್ಯಾಡ್‌ಹೆರಿನ್ ಇದ್ದರೆ ಕ್ಷೇಮ, ಇಲ್ಲದಿದ್ದರೆ ಹರಡುವಿಕೆ ಎಂಬ ಸರಳ ಸೂತ್ರವು ಬಹುಕಾಲ ಪ್ರಚಾರದಲ್ಲಿತ್ತು. ಆದರೆ ಸ್ತನದ ಕ್ಯಾನ್ಸರುಗಳಲ್ಲಿ ಬಹುಪಾಲು ಇ-ಕ್ಯಾಡ್‌ಹೆರಿನ್ನನ್ನು ಉಳಿಸಿಕೊಂಡೇ ಹರಡುತ್ತವೆ. 2019ರಲ್ಲಿ, ತಾಕೇಯಿಚಿ ಅವರಿಗೆ ಮೊದಲ ಸುಳಿವು ಸಿಕ್ಕಿದ್ದ ಅದೇ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಇಲಿಗಳ ಮೇಲಿನ ಅಧ್ಯಯನವೊಂದನ್ನು ಪ್ರಕಟಿಸಿದರು. ಇ-ಕ್ಯಾಡ್‌ಹೆರಿನ್ನನ್ನು ತೆಗೆದಾಗ ಸ್ತನಕ್ಯಾನ್ಸರಿನ ಕೋಶಗಳು ಸುತ್ತಲಿನ ಅಂಗಾಂಶಕ್ಕೆ ಹೆಚ್ಚು ನುಗ್ಗಿದವೇನೋ ನಿಜ. ಆದರೆ ದಾರಿಯಲ್ಲಿ ಹೆಚ್ಚಾಗಿ ಸತ್ತುಹೋದವು, ದೂರದ ಅಂಗಗಳಲ್ಲಿ ನೆಲೆಯೂರಲು ಅಸಮರ್ಥವಾದವು. ಗುಂಪಾಗಿ ಸಾಗುವ ಕೋಶಗಳಿಗೆ ಕ್ಯಾಡ್‌ಹೆರಿನ್ ಬದುಕಿನ ಆಸರೆಯೂ ಆಗಬಹುದೆಂದು ಇದರಿಂದ ತಿಳಿಯಿತು.

ಇದರಿಂದ ಮೊದಲಿನ ಶೋಧವು ಸುಳ್ಳಾಗಲಿಲ್ಲ. ಜಠರದ ಕ್ಯಾನ್ಸರಿನಲ್ಲಿ ರೋಗಕ್ಕೆ ದಾರಿ ಮಾಡುವುದು ಹಿಡಿತದ ನಾಶವಾದರೆ, ಇನ್ನೊಂದು ಕ್ಯಾನ್ಸರಿನಲ್ಲಿ ಹಿಡಿತವೇ ರೋಗಕ್ಕೆ ನೆರವಾಗುತ್ತದೆ. ರೋಗದ ಬಗೆಯನ್ನೂ ಹಂತವನ್ನೂ ಅರಿಯದೆ ಒಂದೇ ಸೂತ್ರವನ್ನು ಎಲ್ಲೆಡೆ ಅನ್ವಯಿಸಬಾರದೆಂಬುದೇ ಇದರ ತಾತ್ಪರ್ಯ. ಇ-ಕ್ಯಾಡ್‌ಹೆರಿನ್ನನ್ನು ಮರಳಿ ಸ್ಥಾಪಿಸಿ ಕ್ಯಾನ್ಸರನ್ನು ಗುಣಪಡಿಸುವ ಔಷಧವು ಇದುವರೆಗೆ ಬಳಕೆಗೆ ಬಂದಿಲ್ಲವೆಂಬುದನ್ನೂ ಮರೆಮಾಚಬೇಕಾಗಿಲ್ಲ. ಹಾಗೆಯೇ, ಅಂಟಿಕೆಗೆ ಕ್ಯಾಲ್ಸಿಯಂ ಬೇಕೆಂದು ತಿಳಿದ ಮಾತ್ರಕ್ಕೆ ಕ್ಯಾಲ್ಸಿಯಂ ಗುಳಿಗೆಗಳಿಂದ ಕ್ಯಾನ್ಸರ್ ಹರಡುವುದು ನಿಲ್ಲುವುದೆಂದು ಯಾರೂ ಭಾವಿಸಬಾರದು. ರಕ್ತದ ಕ್ಯಾಲ್ಸಿಯಂ ಪ್ರಮಾಣವನ್ನು ದೇಹವೇ ಕಟ್ಟುನಿಟ್ಟಾಗಿ ಕಾಯ್ದುಕೊಳ್ಳುತ್ತದೆ. ಕೆಟ್ಟಿರುವುದು ಹಿಡಿಯುವ ಪ್ರೋಟೀನು, ಕ್ಯಾಲ್ಸಿಯಂ ಅಲ್ಲ.

ಇಂದು ಈ ಜ್ಞಾನವು ನಿತ್ಯೋಪಯೋಗಕ್ಕೆ ಬಂದಿರುವುದು ಮುಖ್ಯವಾಗಿ ರೋಗನಿರ್ಣಯದಲ್ಲಿ. ಸ್ತನದ ಗಡ್ಡೆಯ ತುಣುಕಿಗೆ ಇ-ಕ್ಯಾಡ್‌ಹೆರಿನ್ ಪ್ರತಿಕಾಯದಿಂದ ಬಣ್ಣ ಹಾಯಿಸಿ, ಅದು ಯಾವ ಬಗೆಯದೆಂದು ನಿರ್ಣಯಿಸಲು ನೆರವು ಪಡೆಯುವ ಕ್ರಮವು ನಮ್ಮ ದೇಶವೂ ಸೇರಿದಂತೆ ಎಲ್ಲೆಡೆಯ ರೋಗಶಾಸ್ತ್ರ ಪ್ರಯೋಗಶಾಲೆಗಳಲ್ಲಿ ರೂಢಿಯಲ್ಲಿದೆ. ಕ್ಯೋಟೋದ ಪ್ರಯೋಗಶಾಲೆಯಲ್ಲಿ ನಲವತ್ತು ವರ್ಷಗಳ ಹಿಂದೆ ಹೆಸರು ಪಡೆದ ವಸ್ತುವು ಹೀಗೆ ರೋಗಿಯ ವರದಿಯ ಹಾಳೆಯವರೆಗೂ ಬಂದಿದೆ.

9. ಮನ್ನಣೆ ಮತ್ತು ಮೌಲ್ಯವಿಚಾರ

ತಾಕೇಯಿಚಿ ಅವರು 1986ರಲ್ಲಿ ಕ್ಯೋಟೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. 2000ದಿಂದ 2014ರವರೆಗೆ ಕೋಬೆ ನಗರದ ರೀಕೆನ್ ಬೆಳವಣಿಗೆಯ ಜೀವಶಾಸ್ತ್ರ ಕೇಂದ್ರದ ಪ್ರಥಮ ನಿರ್ದೇಶಕರಾಗಿದ್ದರು. 2005ರಲ್ಲಿ, ಕೋಶಗಳು ತಮ್ಮ ಸುತ್ತಲಿನ ಆಧಾರವಸ್ತುವಿಗೆ ಅಂಟುವ ಬಗೆಯನ್ನು ವಿವರಿಸಿದ ಎರ್ಕಿ ರುವೊಸ್ಲಾಹ್ತಿ ಅವರೊಡನೆ ಜಪಾನ್ ಪ್ರಶಸ್ತಿಯನ್ನು ಹಂಚಿಕೊಂಡರು. 2020ರಲ್ಲಿ ಕೆನಡಾದ ಗೇರ್ಡ್ನರ್ ಪ್ರಶಸ್ತಿಯು ಅವರಿಗೂ ರಾಲ್ಫ್ ಕೆಮ್ಲರ್ ಅವರಿಗೂ ಸಂದಿತು. ಹಿಂದೆ ಬೇರೆ ಬೇರೆ ದಾರಿಗಳಲ್ಲಿ ಒಂದೇ ಬಾಗಿಲಿಗೆ ಬಂದವರು ಗೌರವದಲ್ಲಿಯೂ ಜೊತೆಯಾದುದು ಸಮುಚಿತವೇ ಆಗಿದೆ.

ವಿದ್ಯಾಸಂಸ್ಥೆಗಳ ಏಳಿಗೆಯಲ್ಲಿ ಆಸಕ್ತರಾದವರು ಈ ಇತಿಹಾಸದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ತಾಕೇಯಿಚಿ ಅವರು ಬಾಲ್ಟಿಮೋರಿಗೆ ಹೋದಾಗ ಇದರಿಂದ ಯಾವ ರೋಗಕ್ಕೆ ಮದ್ದು ಎಂದು ಕೇಳಿದ್ದರೆ ಅವರಲ್ಲಿ ಉತ್ತರವಿರುತ್ತಿರಲಿಲ್ಲ. 1977ರ ಆ ಪ್ರಕಟಣೆಗೂ 1998ರಲ್ಲಿ ನ್ಯೂಜಿಲೆಂಡಿನ ಕುಟುಂಬಕ್ಕೆ ದೊರೆತ ಉತ್ತರಕ್ಕೂ ನಡುವೆ ಇಪ್ಪತ್ತೊಂದು ವರ್ಷಗಳ ಅಂತರ. ತೆಂಗಿನ ಸಸಿ ನೆಟ್ಟವನು ಅದೇ ವರ್ಷ ಕಾಯಿ ಕೇಳುವುದಿಲ್ಲ. ಮೂಲವಿಜ್ಞಾನಕ್ಕೆ ಕೊಡುವ ನೆರವೂ ಅಂತಹುದೇ.

10. ತರಗತಿಯಲ್ಲಿ ಈ ವಿಷಯ

ಪ್ರೌಢಶಾಲೆಯ ಅಧ್ಯಾಪಕರು ಜೀವಕೋಶದ ಪಾಠವನ್ನು ಮುಗಿಸಿದ ಮೇಲೆ ಒಂದು ಅವಧಿಯನ್ನು ಇದಕ್ಕೆ ಮೀಸಲಿಡಬಹುದು. ಉಪಕರಣಗಳು ಬೇಕಿಲ್ಲ, ಕರಿಹಲಗೆಯೇ ಸಾಕು. ಕ್ಯೋಟೋ ಮತ್ತು ಬಾಲ್ಟಿಮೋರ್ ಎಂದು ಎರಡು ಅಂಕಣಗಳನ್ನು ಬರೆದು, ಎರಡು ಕಡೆಯ ಸಾಮಗ್ರಿಗಳನ್ನೂ ಫಲಿತಾಂಶವನ್ನೂ ತುಂಬಿ, ಕಾರಣವನ್ನು ಹೇಳದೆ ವಿದ್ಯಾರ್ಥಿಗಳಿಂದಲೇ ಊಹೆಯನ್ನು ಹೊರಡಿಸಬೇಕು. ಅನಂತರ ಈ ಪ್ರಶ್ನೆಗಳನ್ನು ಕೊಡಬಹುದು:

1. ಕ್ಯಾಲ್ಸಿಯಂ ಇಲ್ಲದೆ ಟ್ರಿಪ್ಸಿನ್ನಿಗೆ ಒಳಪಟ್ಟ ಕೋಶಗಳಿಗೆ ಆಮೇಲೆ ಕ್ಯಾಲ್ಸಿಯಂ ಕೊಟ್ಟರೂ ಅವು ಕೂಡಲೇ ಅಂಟುವುದಿಲ್ಲ. ಏಕೆ? ಕೆಲವು ಗಂಟೆಗಳ ಕಾಲ ಪೋಷಕ ದ್ರಾವಣದಲ್ಲಿಟ್ಟರೆ ಏನಾಗಬಹುದು?

2. 1987ರ ಪ್ರಯೋಗದಲ್ಲಿ ಮೊದಲೇ ಕ್ಯಾಡ್‌ಹೆರಿನ್ ಇರುವ ಕೋಶಗಳನ್ನು ಆರಿಸಿಕೊಂಡಿದ್ದರೆ ಅದೇ ನಿರ್ಣಯಕ್ಕೆ ಬರಬಹುದಾಗಿತ್ತೇ?

3. ತಾಯಿಯಿಂದ ದೋಷಯುಕ್ತ ಪ್ರತಿಯನ್ನು ಪಡೆದ ಮಗುವಿನ ದೇಹದ ಎಲ್ಲ ಕೋಶಗಳೂ ಹುಟ್ಟಿದಾಗಲೇ ಚದುರಿಹೋಗುವುದಿಲ್ಲ. ಕಾರಣವೇನು?

ಇವುಗಳಿಗೆ ಉತ್ತರವನ್ನು ಕಂಠಪಾಠದಿಂದ ಹೇಳಲಾಗುವುದಿಲ್ಲ. ಮೇಲಿನ ವಿವರಣೆಯಿಂದ ತರ್ಕಿಸಿ ಹೇಳಬೇಕು. ಎರಡು ಊರುಗಳ ಫಲಿತಾಂಶಗಳು ಹೊಂದದೆ ಹೋದಾಗ ಸೀಸೆಯ ಮೇಲಿನ ಚೀಟಿಯನ್ನು ಮತ್ತೊಮ್ಮೆ ಓದಿದ ತರುಣನೊಬ್ಬನಿಂದ ಈ ಶಾಸ್ತ್ರದ ಮಹತ್ತ್ವದ ಅಧ್ಯಾಯವೊಂದು ಮೊದಲಾಯಿತು. ಪ್ರಯೋಗದ ಫಲವು ಪುಸ್ತಕದೊಡನೆ ಹೊಂದದಿದ್ದಾಗ ಅಂಕಿಯನ್ನು ತಿದ್ದುವ ಬದಲು ಕಾರಣವನ್ನು ಹುಡುಕುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಸಲು ಈ ಪಾಠವು ನೆರವಾದರೆ ಈ ಲೇಖನದ ಶ್ರಮ ಸಾರ್ಥಕ.